ಆಡಿಯೋ ಡಿಲೀಟ್ ಮಾಡ್ಬೇಡಿ ಅಂದೆ

ಸಾಗರದಲ್ಲಿ ವಕೀಲಿಕೆ ಮಾಡುತ್ತೇನೆ. ನನ್ನ ಹತ್ತಿರ ಜಾಸ್ತಿ ಬರುವುದು ಬಗರ್‌ಹುಕುಂ, ಪಾಲುಪಟ್ಟಿ, ಚೆಕ್ ಬೌನ್ಸ್. ಧರ್ಮದ್ವೇಷದ ದೂರು ಬರೆದಿದ್ದು ಅದೇ ಮೊದಲು.

ಬಂದವರು ಹಸಿ ಅಡಿಕೆಗೆ ಚೇಣಿ ಹಿಡಿಯುವವರು, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ತೆಗೆದುಕೊಳ್ಳುವವರು. ಇಪ್ಪತ್ತು ವರ್ಷದಿಂದ ಅದೇ ಊರಿನ ತೋಟಗಳು. ಪಕ್ಕದೂರಿನ ಹುಡುಗನೊಬ್ಬ ವಾಟ್ಸಾಪ್ ಗ್ರೂಪಿಗೆ ಆಡಿಯೋ ಬಿಟ್ಟಿದ್ದ: ಇವರ ಧರ್ಮದವರನ್ನು ತೋಟಕ್ಕೆ ಬಿಡಬೇಡಿ, ಬಂದರೆ ಕೈಕಾಲು ಮುರಿದು ಕಳಿಸಿ ಅಂತ. "ಕೇಳಿದ್ರೆ ಹೊಟ್ಟೆ ಉರಿಯುತ್ತೆ ಸಾರ್, ಸುಮ್ನೆ ಡಿಲೀಟ್ ಮಾಡಿಬಿಡ್ಲಾ?" ಅಂದರು. ಖಂಡಿತಾ ಬೇಡ ಅಂದೆ.

ಮೊದಲ ಕರಡಿನಲ್ಲಿ ಎಡವಿದ್ದು ನಾನೇ. 'ನಮ್ಮ ಧರ್ಮಕ್ಕೆ ಅವಮಾನ' ಎಂದು ಬರೆದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಹಾಕಿದ್ದೆ. ರಾತ್ರಿ ಆಡಿಯೋ ಮತ್ತೆ ಕೇಳಿದೆ. ಅದರಲ್ಲಿ ದೇವರ ಸುದ್ದಿಯೇ ಇಲ್ಲ! ಇದ್ದಿದ್ದೆಲ್ಲ ಜನರ ಮೇಲೆ. ಧರ್ಮದ ಹೆಸರಲ್ಲಿ ಜನರ ನಡುವೆ ಹಗೆ ಹಚ್ಚುವುದಕ್ಕೆ ಇರುವುದು 196ನೇ ಕಲಂ, ಹಳೇ ಐಪಿಸಿಯ 153ಎ. ಮೂರು ವರ್ಷದವರೆಗೆ ಜೈಲು. ಹರಿದು ಹಾಕಿ ಹೊಸದಾಗಿ ಬರೆದೆ. ಈ ಸಲ ಅವನ ಮಾತನ್ನು ಬೈಗುಳ ಸಮೇತ ಇಳಿಸಿದೆ. 'ಅವಾಚ್ಯ ಶಬ್ದಗಳಿಂದ ನಿಂದಿಸಿ' ಅಂತ ಬರೆದು ಮುಗಿಸುವ ಚಾಳಿ ನಮ್ಮ ವಕೀಲರದ್ದು. ಅದರಿಂದ ಅವನು ಏನಂದ ಅಂತ ಯಾರಿಗೆ ಗೊತ್ತಾಗುತ್ತೆ?

ಠಾಣೆಯ ರೈಟರ್ ಓದಿ, "ಊರ ಜಗಳ, ಕೂತು ಮಾತಾಡ್ಕೊಳ್ಳಿ" ಅಂದರು. ದೂರು ಯಾಕೆ ತಗೊಳ್ಳಲ್ಲ ಅಂತ ಬರೆದುಕೊಡಿ, ಹಿಂಬರಹ ಕೊಡಿ ಅಂತ ಕೇಳಿದೆ. ಕೊಡಲಿಲ್ಲ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ದಾರಿ ಇದೆ ಅಲ್ವಾ, ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಹಾಕಿದೆ. ದ್ವೇಷ ಭಾಷಣಕ್ಕೆ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಕೇಸು ದಾಖಲಿಸಬೇಕು ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ಆದೇಶವನ್ನೂ ಜೊತೆಗಿಟ್ಟೆ. ಸ್ವಲ್ಪ ದಿನಕ್ಕೆ ಠಾಣೆಯಿಂದಲೇ ಫೋನ್ ಬಂತು. ಎಫ್‌ಐಆರ್ ಆಯಿತು. ಅದರ ಪ್ರತಿಗೆ ದುಡ್ಡು ಕೊಡಬೇಕಿಲ್ಲ.

ಆಡಿಯೋ ಇರುವ ನಿಮ್ಮ ಮೊಬೈಲನ್ನು ಪೊಲೀಸರು ಸಾಕ್ಷ್ಯಕ್ಕೆ ಜಪ್ತಿ ಮಾಡುತ್ತಾರೆ ಅಂತ ಕಕ್ಷಿದಾರರಿಗೆ ಮೊದಲೇ ಹೇಳಿದ್ದೆ. ಹಿಂದಿನ ರಾತ್ರಿ ಅವರ ಮಗಳು ನಂಬರುಗಳನ್ನೂ ಚೇಣಿ ಲೆಕ್ಕವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಹನ್ನೊಂದು ಪುಟ. ಬರೀ ಸ್ಕ್ರೀನ್‌ಶಾಟ್ ಕೊಟ್ಟಿದ್ದರೆ ಫೋನ್ ಉಳಿಯುತ್ತಿತ್ತೋ ಏನೋ, ಆದರೆ ಕೇಸು ಉಳಿಯುವುದು ಕಷ್ಟ. ಆಡಿಯೋದ ಪ್ರತಿಗೆ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾಗುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿದೆ.

ಫೋನ್ ಪರೀಕ್ಷೆಗೆ ಹೋದ ಪ್ರಯೋಗಾಲಯದ ವರದಿ ಬಂದಿಲ್ಲ. ಬಂದಮೇಲೂ, ಕೋರ್ಟ್ ಈ ಕೇಸನ್ನು ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು. ಕೊಯ್ಲು ಶುರುವಾಗಿದೆ. ಕಕ್ಷಿದಾರರು ವಾರಕ್ಕೊಮ್ಮೆ ಆಫೀಸಿಗೆ ಬಂದು ಕೇಳುವುದು ಒಂದೇ: "ಫೋನ್ ಯಾವಾಗ ಸಿಗುತ್ತೆ ಸಾರ್?"