ಮಲೆನಾಡಿನ ಮಳೆಗಾಲವನ್ನು ಅನಿಮೇಷನ್ ಮಾಡುವುದು ಹೇಗೆ?

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ಸೆಕೆಂಡಿಗೆ ಐದು ದಿನದಂತೆ ಓಡಿಸಿದರೆ ಇಡೀ ಮಳೆಗಾಲವನ್ನು 25 ಸೆಕೆಂಡಿನೊಳಗೆ ನೋಡಬಹುದು. ಘಟ್ಟದ ಅಂಚಿನಲ್ಲಿ ಮಳೆ ಹೇಗೆ ದಟ್ಟೈಸುತ್ತದೆ, ಶಿಕಾರಿಪುರದ ಕಡೆ ಹೋಗುತ್ತಾ ಹೇಗೆ ತೆಳುವಾಗುತ್ತದೆ ಎಂಬುದು ಅಂಕಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಚಿತ್ರ ಓಡಿದಾಗ ಕಾಣುತ್ತದೆ. ಮನೆಯ ಕಂಪ್ಯೂಟರ್‌ನಲ್ಲೇ ಇದನ್ನು ಮಾಡಬಹುದು.

ಮೊದಲು ಮಾಹಿತಿ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿಯ ಜಾಲತಾಣದಲ್ಲಿ 1901ರಿಂದ ಈಚಿನ ದಿನವಹಿ ಮಳೆ ಸಿಗುತ್ತದೆ. ವರ್ಷಕ್ಕೊಂದು ಫೈಲ್. ನೆಟ್‌ಸಿಡಿಎಫ್ (ಜಾಗ ಮತ್ತು ದಿನಕ್ಕೆ ತಕ್ಕಂತೆ ಅಂಕಿ ಜೋಡಿಸಿಡುವ ಫೈಲ್ ಬಗೆ) ರೂಪದ್ದನ್ನು ಇಳಿಸಿಕೊಳ್ಳಿ. ಅದರಲ್ಲಿ ದೇಶವನ್ನು ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೂ ದಿನದ ಮಳೆ ಕೊಟ್ಟಿರುತ್ತಾರೆ. ಜೊತೆಗೆ ಅಂಕಿಗಳನ್ನು ಚಿತ್ರವಾಗಿಸುವ ಪ್ಯಾರಾವ್ಯೂ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ.

ಫೈಲ್ ತೆರೆಯುವಾಗ 'ಸ್ಫೆರಿಕಲ್ ಕೋಆರ್ಡಿನೇಟ್ಸ್' ಎದುರಿನ ಟಿಕ್ ತೆಗೆಯಿರಿ. ಇಲ್ಲದಿದ್ದರೆ ನಕ್ಷೆ ಗೋಳದ ಮೇಲೆ ಬಾಗಿ ಕೂರುತ್ತದೆ. ಮಾಹಿತಿ ಇಲ್ಲದ ಜಾಗಕ್ಕೆ -999 ಎಂದು ತುಂಬಿರುತ್ತಾರೆ. 'ಥ್ರೆಶೋಲ್ಡ್' ಫಿಲ್ಟರ್ ಹಾಕಿ, ಸೊನ್ನೆ ಮತ್ತು ಅದಕ್ಕಿಂತ ಮೇಲಿನದನ್ನಷ್ಟೇ ಉಳಿಸಿಕೊಳ್ಳಿ. ಆಮೇಲೆ ಮಲೆನಾಡಿನ ಭಾಗವನ್ನು ಹಿಗ್ಗಿಸಿ.

ಈಗ ಬಣ್ಣ. ದಯವಿಟ್ಟು ಇಲ್ಲಿ ಅವಸರ ಬೇಡ. ಅನಿಮೇಷನ್ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂಬುದು ತೀರ್ಮಾನವಾಗುವುದೇ ಈ ಹಂತದಲ್ಲಿ. ಫೈಲ್ ತೆರೆದಾಗ ಎದುರಿಗಿರುವುದು ಜನವರಿ 1. ತಂತ್ರಾಂಶ ಆ ಒಣ ದಿನಕ್ಕೆ ತಕ್ಕಂತೆ ಬಣ್ಣದ ಅಳತೆ ಹೊಂದಿಸಿರುತ್ತದೆ. ಅದನ್ನೇ ಬಿಟ್ಟರೆ ಜುಲೈನಲ್ಲಿ ಆಗುಂಬೆಗೂ ಶಿವಮೊಗ್ಗಕ್ಕೂ ಒಂದೇ ಬಣ್ಣ ಬಂದೀತು. ಪ್ರತಿ ದಿನಕ್ಕೂ ಅಳತೆ ಬದಲಾಗುವಂತೆ ಇಟ್ಟರೆ ಇನ್ನೂ ಕಷ್ಟ, ಜಿಟಿಜಿಟಿ ಮಳೆಯೂ ಜಡಿಮಳೆಯಂತೆ ಕಾಣುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಶಿವಮೊಗ್ಗ ನಗರದಲ್ಲಿ ಸಾವಿರದ ಆಸುಪಾಸು. ಈ ಅಂತರವೇ ಅಳಿಸಿಹೋದರೆ ಚಿತ್ರ ಯಾಕೆ ಮಾಡಬೇಕು, ಅಲ್ವಾ?

ಹಾಗಾಗಿ 'ರೀಸ್ಕೇಲ್ ಟು ಕಸ್ಟಮ್ ರೇಂಜ್' ಒತ್ತಿ 0 ಮತ್ತು 205 ಎಂದು ಕೊಡಿ. ದಿನಕ್ಕೆ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ತಾನಾಗಿ ಅಳತೆ ಬದಲಿಸುವ ಆಯ್ಕೆಯನ್ನು 'ನೆವರ್'ಗೆ ಇಡಿ. ಬಣ್ಣಕ್ಕೆ, ಕಡುನೇರಳೆಯಿಂದ ಹಳದಿಯವರೆಗೆ ಸಮನಾಗಿ ಏರುವ 'ವಿರಿಡಿಸ್' ಒಳ್ಳೆಯದು. ಕಾಮನಬಿಲ್ಲಿನ ಬಣ್ಣಗಳು ನೋಡಲು ಚಂದ, ಆದರೆ ಇಲ್ಲದ ಗಡಿಗಳನ್ನು ತೋರಿಸುತ್ತವೆ.

ಉಳಿದದ್ದು ಸುಲಭ. 'ಸೇವ್ ಅನಿಮೇಷನ್'ಗೆ ಹೋಗಿ ಪಿಎನ್‌ಜಿ ಆರಿಸಿ, ದಿನಕ್ಕೊಂದು ಬಿಡಿ ಚಿತ್ರ (ಚೌಕಟ್ಟು) ಉಳಿಯುತ್ತದೆ. ಎಣಿಕೆ ಸೊನ್ನೆಯಿಂದ ಶುರು, ಆದ್ದರಿಂದ ಜೂನ್ 1 ಅಂದರೆ 151ನೇ ಚೌಕಟ್ಟು, ಸೆಪ್ಟೆಂಬರ್ 30 ಅಂದರೆ 272. ಅಧಿಕ ವರ್ಷವಾದರೆ ಒಂದೊಂದು ಕೂಡಿಸಿ. ನೇರವಾಗಿ ವಿಡಿಯೊ ಮಾಡುವುದಕ್ಕಿಂತ ಬಿಡಿ ಚಿತ್ರಗಳೇ ವಾಸಿ. ಮಧ್ಯೆ ಕರೆಂಟ್ ಹೋದರೂ ಆಗಿದ್ದಷ್ಟು ಉಳಿಯುತ್ತದೆ. ಕೊನೆಗೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದಲ್ಲಿ ಅವನ್ನು ಜೋಡಿಸಿ.

ವಿಡಿಯೊದ ಕೆಳಗೆ ಎರಡು ಸಾಲು ಬರೆಯಿರಿ. ಒಂದು, ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಆ ತಾರೀಕಿನ ಅಂಕಿ ಅದರ ಹಿಂದಿನ 24 ಗಂಟೆಯದ್ದು. ಎರಡು, ಇಲ್ಲಿನ ಒಂದೊಂದು ಚೌಕ ಸುಮಾರು 27 ಕಿ.ಮೀ. ಅಗಲ. ಆಗುಂಬೆಯ ಮಳೆ ಸುತ್ತಲಿನ ಊರುಗಳ ಮಳೆಯೊಂದಿಗೆ ಬೆರೆತೇ ಬರುತ್ತದೆ. ಊರೂರಿನ ಲೆಕ್ಕ ಬೇಕಾದವರು ಮಳೆಮಾಪಕಗಳ ಅಂಕಿಗಳನ್ನು ದಿನಕ್ಕೊಂದು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಮಾಡಿ, ಹೆಸರಿನ ಕೊನೆಗೆ ಕ್ರಮಸಂಖ್ಯೆ ಕೊಡಬೇಕು. ಪ್ಯಾರಾವ್ಯೂ ಅವನ್ನು ಒಂದೇ ಸರಣಿಯಾಗಿ ಓದುತ್ತದೆ. 'ಟೇಬಲ್ ಟು ಪಾಯಿಂಟ್ಸ್' ಹಾಕಿದರೆ ಪ್ರತಿ ಮಳೆಮಾಪಕವೂ ನಕ್ಷೆಯಲ್ಲಿ ಒಂದು ಚುಕ್ಕಿಯಾಗುತ್ತದೆ.