ಅಮೆರಿಕದ ಕಾಲೇಜಿನಲ್ಲಿ ಮ್ಯೂಸಿಕ್ ಥಿಯರಿ: ಸಂಗೀತ ಕಲಿತವರೇ ಎಡವುವ ಜಾಗಗಳು

"ಹತ್ತು ವರ್ಷ ಪಾಠ ಆಗಿದೆ, ವರ್ಣ ಎರಡು ಕಾಲದಲ್ಲಿ ಹಾಡ್ತಾಳೆ, ಇನ್ನು ಥಿಯರಿ ಏನು ಮಹಾ ಬಿಡಿ." ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ಮಾತು ಕೇಳಿದಾಗ ನಾನು ಸುಮ್ನೆ ನಗುತ್ತೇನೆ. ನಾನೂ ಹಾಗೇ ಅಂದುಕೊಂಡವಳು. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿ, ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಮನೆ ಹತ್ತಿರದ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿ ನಾಲ್ಕು ಸೆಮಿಸ್ಟರ್ ಥಿಯರಿ ಮುಗಿಸಿದೆ. ಮೊದಲ ಹಾಡುವ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು ಸಿ ಗ್ರೇಡ್. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಇಲ್ಲಿನ ಪದ್ಧತಿ. ಮ್ಯೂಸಿಕ್ ಥಿಯರಿ ಅಂದರೆ ಪಾಶ್ಚಾತ್ಯ ಸಂಗೀತದ ವ್ಯಾಕರಣ. ಮ್ಯೂಸಿಕ್ ಮೇಜರ್, ಅಂದರೆ ಸಂಗೀತವನ್ನೇ ಡಿಗ್ರಿಯ ಮುಖ್ಯ ವಿಷಯ ಮಾಡಿಕೊಂಡವರಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷ ನಾಲ್ಕು ಸೆಮಿಸ್ಟರ್ ಥಿಯರಿ ಇರುತ್ತದೆ. ಅದರ ಜೊತೆಜೊತೆಗೇ ಆರಲ್ ಸ್ಕಿಲ್ಸ್, ಅಂದರೆ ಕಿವಿಯ ಪಾಠ: ಕೇಳಿದ್ದನ್ನು ಬರೆಯಬೇಕು, ಬರೆದಿದ್ದನ್ನು ನೋಡಿದ ಕೂಡಲೇ ಹಾಡಬೇಕು. ಪಕ್ಕದಲ್ಲಿ ಕ್ಲಾಸ್ ಪಿಯಾನೋ ಬೇರೆ, ನೀವು ವೀಣೆಯವರಾಗಿರಿ, ಹಾಡುವವರಾಗಿರಿ, ಅದು ತಪ್ಪುವುದಿಲ್ಲ. ಇದೆಲ್ಲ ಒಂದಕ್ಕೊಂದು ಪೋಣಿಸಿದ ಸರ. ಥಿಯರಿ-1 ಆಗದೆ ಥಿಯರಿ-2ಕ್ಕೆ ಬಿಡುವುದಿಲ್ಲ, ಎಷ್ಟೋ ಕಡೆ ಸಿ ಗಿಂತ ಕಡಿಮೆ ಬಂದರೆ ಆದ ಲೆಕ್ಕವೇ ಅಲ್ಲ. ಸಣ್ಣ ಕಾಲೇಜುಗಳಲ್ಲಿ ಥಿಯರಿ-1 ಫಾಲ್‌ನಲ್ಲಿ ಮಾತ್ರ, ಥಿಯರಿ-2 ಸ್ಪ್ರಿಂಗ್‌ನಲ್ಲಿ ಮಾತ್ರ ಇರುತ್ತದೆ. ಒಂದು ಸಲ ಜಾರಿದರೆ ಒಂದು ವರ್ಷ ಕಾಯಬೇಕು. ನಾಲ್ಕು ವರ್ಷದ ಡಿಗ್ರಿ ಐದಾಗುವುದು ಹೀಗೇ, ಆ ಐದನೇ ವರ್ಷದ ಫೀಸು ಎಷ್ಟು ಅಂತ ನಿಮಗೇ ಗೊತ್ತು.

ಕ್ರೆಡಿಟ್ ನೋಡಿ ಮೋಸ ಹೋಗಬೇಡಿ. ಥಿಯರಿಗೆ 3 ಕ್ರೆಡಿಟ್, ಆರಲ್ ಸ್ಕಿಲ್ಸ್‌ಗೆ ಹಲವು ಕಡೆ ಬರೀ 1. ಒಂದೇ ಕ್ರೆಡಿಟ್ ಅಲ್ವಾ, ಹಗುರ ಇರಬೇಕು ಅಂತ ನಮ್ಮವರು ಅದರ ಜೊತೆ ಕೆಮಿಸ್ಟ್ರಿ, ಕ್ಯಾಲ್ಕುಲಸ್ ಎಲ್ಲ ತುರುಕುತ್ತಾರೆ. ಆ 1 ಕ್ರೆಡಿಟ್‌ಗೆ ದಿನಾ ಕೂರಬೇಕು. ವಾರಕ್ಕೊಮ್ಮೆ ಆರು ಗಂಟೆ ಕೂತರೆ ಕಿವಿ ಬರುವುದಿಲ್ಲ, ಸರಳೆ ವರಿಸೆ ಕಲಿತ ಯಾರಿಗಾದರೂ ಇದು ಗೊತ್ತಿರುವ ವಿಷಯವೇ.

ಸೇರಿದ ಕೂಡಲೇ, ಕೆಲವು ಕಡೆ ಸೇರುವ ಮೊದಲೇ, ಯಾವ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ. ಕೀ ಸಿಗ್ನೇಚರ್ (ಯಾವ ಸ್ವರಶ್ರೇಣಿ ಅಂತ ಸಾಲಿನ ಶುರುವಿನಲ್ಲಿ ಹೇಳುವ ಗುರುತು), ಇಂಟರ್ವಲ್ (ಎರಡು ಸ್ವರದ ಅಂತರ), ಟ್ರಯಡ್ (ಒಟ್ಟಿಗೆ ನುಡಿಯುವ ಮೂರು ಸ್ವರ), ಎರಡೂ ಕ್ಲೆಫ್ (ಮೇಲಿನ ಸ್ವರಗಳಿಗೆ ಟ್ರೆಬಲ್, ಕೆಳಗಿನವಕ್ಕೆ ಬೇಸ್ ಅನ್ನುವ ಗುರುತು) ಓದುವುದು. ಕಡಿಮೆ ಬಂದರೆ ಫಂಡಮೆಂಟಲ್ಸ್ ಅನ್ನುವ ಕ್ಲಾಸಿಗೆ ಹಾಕುತ್ತಾರೆ. ಅದು ಬಹಳ ಕಡೆ ಮೇಜರ್ ಲೆಕ್ಕಕ್ಕೆ ಬರುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ನಮ್ಮ ಮಕ್ಕಳು ಇಲ್ಲಿ ಬೀಳುವುದು ಬೇಸ್ ಕ್ಲೆಫ್‌ನಲ್ಲಿ. ಸ್ಕೂಲಿನಲ್ಲಿ ವಯೊಲಿನ್ ಅಥವಾ ಕೊಳಲು ನುಡಿಸಿರುತ್ತಾರೆ, ಟ್ರೆಬಲ್ ಕ್ಲೆಫ್ ನೀರು ಕುಡಿದ ಹಾಗೆ ಓದುತ್ತಾರೆ, ಕೆಳಗಿನ ಸಾಲು ಬಂದರೆ ಬೆರಳು ಮಡಚಿ ಎಣಿಸುತ್ತಾರೆ.

ಹೈಸ್ಕೂಲಿನಲ್ಲೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಕಾಲೇಜು ಮಟ್ಟದ) ಮ್ಯೂಸಿಕ್ ಥಿಯರಿ ತಗೊಂಡಿದ್ದರೆ? ಒಳ್ಳೆಯದೇ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ, ಅದರಲ್ಲಿ ಹಾಡಿ ರೆಕಾರ್ಡ್ ಮಾಡುವ ಭಾಗವೂ ಇದೆ. ಆದರೆ ಕಾಲೇಜಿನ ಎಪಿ ಪಟ್ಟಿಯಲ್ಲಿ ಕ್ರೆಡಿಟ್ ಕೊಡುತ್ತೇವೆ ಅಂತ ಬರೆದಿದ್ದರೂ ಮ್ಯೂಸಿಕ್ ಡಿಪಾರ್ಟ್‌ಮೆಂಟು ಮೇಜರ್‌ಗೆ ಒಪ್ಪದೆ ತನ್ನದೇ ಪರೀಕ್ಷೆ ಇಡಬಹುದು. ಡಿಪಾರ್ಟ್‌ಮೆಂಟಿನವರನ್ನೇ ಕೇಳಿ.

ಈಗ ನನ್ನ ಸಿ ಕಥೆ. ಸೈಟ್ ಸಿಂಗಿಂಗ್, ಅಂದರೆ ನೋಡಿದ ಕೂಡಲೇ ಹಾಡುವ ಪರೀಕ್ಷೆ, ಮೇಜರ್ ಅನ್ನುವ ಸ್ಕೇಲ್ (ಸ್ವರಶ್ರೇಣಿ), ಎಂಟು ಬಾರ್‌ನ (ತಾಳದ ಎಂಟು ಖಾನೆಯ) ಸಣ್ಣ ಸಾಲು. ನೋಡಿದೆ, ಅರೆ ಶಂಕರಾಭರಣ! ಧೈರ್ಯವಾಗಿ ಹಾಡಿದೆ. ಅರ್ಧಕ್ಕೇ ಮೇಡಂ ಪಿಯಾನೋದಲ್ಲಿ ಒಂದು ಕೀ ಒತ್ತಿ, "ನೀನು ಹಾಡಿದ್ದು ಇದೋ, ಇದರ ಮೇಲಿನದೋ?" ಅಂದರು. ನನ್ನ ಮಧ್ಯಮ ತನ್ನ ಪಾಡಿಗೆ ತಾನು ತೂಗುತ್ತಿತ್ತು! ನಮ್ಮಲ್ಲಿ ತೂಗದ ಮಧ್ಯಮಕ್ಕೆ ಗುರುಗಳು ಬೈಯುತ್ತಾರೆ, ಇಲ್ಲಿ ತೂಗಿದ್ದಕ್ಕೆ ಅಂಕ ಹೋಯಿತು. ಸ್ವರವನ್ನು ಮೊಳೆ ಹೊಡೆದ ಹಾಗೆ ಒಂದು ಕಡೆ ನಿಲ್ಲಿಸಿ ಹಾಡುವುದನ್ನು ಬೇರೆಯಾಗೇ ಕಲಿಯಬೇಕಾಯಿತು. ಸ್ವರ ತೂಗಿಸುವ ನಮ್ಮ ಗಮಕ ಕೆಟ್ಟುಹೋಗುತ್ತದಾ ಅಂತ ಭಯ ಬೇಡ, ಎರಡು ಭಾಷೆ ಮಾತಾಡುವವರಿಗೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಡೋ ರೇ ಮಿ, ಅಂದರೆ ಇವರ ಸ್ವರದ ಹೆಸರುಗಳ ವಿಷಯ. ಮೂವಬಲ್ ಡೋ ಇರುವ ಕಾಲೇಜಾದರೆ ನಮಗೆ ಹಬ್ಬ, ಅದು ನಮ್ಮ ಸರಿಗಮವೇ, ಸ ಎಲ್ಲಿಟ್ಟರೆ ಅಲ್ಲಿ. ಫಿಕ್ಸೆಡ್ ಡೋ ಇರುವ ಕಡೆ ಡೋ ಅಂದರೆ ಯಾವಾಗಲೂ ಸಿ ಕೀ, ಅದು ನಮಗೆ ತಲೆ ಕೆಡಿಸುತ್ತದೆ. ಮೂವಬಲ್‌ನಲ್ಲೂ ಮೈನರ್ ಸ್ಕೇಲ್ ಬಂದಾಗ ಎರಡು ಪಂಗಡ ಇದೆ. ಕೆಲವರು ಆರನೇ ಸ್ವರ ಲಾದಿಂದ ಶುರು ಮಾಡುತ್ತಾರೆ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಬರುತ್ತದಲ್ಲ, ಅದೇ ಗ್ರಹಭೇದ. ಇನ್ನು ಕೆಲವರು ಡೋ ಜಾಗ ಬದಲಿಸದೆ ಗ, ದ, ನಿಗಳನ್ನು ಕೋಮಲ ಮಾಡುತ್ತಾರೆ. ನಮಗೆ ಎರಡನೆಯದು ಸುಲಭ. ಆದರೆ ಆಯ್ಕೆ ನಿಮ್ಮದಲ್ಲ, ಆ ಕಾಲೇಜು ಯಾವುದನ್ನು ಪಾಲಿಸುತ್ತದೋ ಅದೇ.

ಇಷ್ಟೆಲ್ಲ ಆದ ಮೇಲೂ ನಿಜವಾದ ಕಷ್ಟ ಬೇರೆಯೇ ಇದೆ. ನಮ್ಮ ಕಿವಿ ಹಾಡಿನ ಹಿಂದೆ ಹೋಗುತ್ತದೆ. ಎಡದಿಂದ ಬಲಕ್ಕೆ, ಒಂದೇ ಎಳೆ. ಹಾರ್ಮನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಹೊಂದಿಕೆ, ಕೇಳುವುದು ಮೇಲಿನಿಂದ ಕೆಳಕ್ಕೆ. ಕೇಳಿ ಬರೆಯುವ ಡಿಕ್ಟೇಶನ್‌ನಲ್ಲಿ ನಾಲ್ಕು ದನಿ ಒಟ್ಟಿಗೆ ನುಡಿಸುತ್ತಾರೆ, ನಾವು ಮೇಲಿನ ದನಿಯನ್ನು ಚಾಚೂ ತಪ್ಪದೆ ಬರೆದು ಸಂಭ್ರಮ ಪಡುತ್ತೇವೆ, ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಯ ಸಾಲು ಖಾಲಿ. ಬೇಸ್ ಗೊತ್ತಾಗದೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಯಾವುದು ಅಂತ ಹೇಳುವುದು ಕಷ್ಟ. ನಾನು ಮಾಡಿದ್ದು ಇಷ್ಟೇ: ಅಡಿಗೆ ಮಾಡುವಾಗ ಯಾವ ಹಾಡು ಹಾಕಿದರೂ ಪಲ್ಲವಿ ಬಿಟ್ಟು ಬೇಸ್ ಗಿಟಾರನ್ನು ಗುನುಗುವುದು. ಹಳೇ ಕನ್ನಡ ಸಿನಿಮಾ ಹಾಡೂ ಆಗುತ್ತದೆ. ಎರಡು ತಿಂಗಳಲ್ಲಿ ಕಿವಿ ಕೆಳಗಿಳಿಯಿತು.

ಬರೆಯುವ ಕೆಲಸಕ್ಕೆ ಪಾರ್ಟ್ ರೈಟಿಂಗ್ ಅನ್ನುತ್ತಾರೆ. ಮೇಲಿನಿಂದ ಕೆಳಕ್ಕೆ ಸೊಪ್ರಾನೋ, ಆಲ್ಟೊ, ಟೆನರ್, ಬೇಸ್ ನಾಲ್ಕು ದನಿಗೆ, ಜರ್ಮನಿಯ ಸಂಗೀತ ರಚನಕಾರ ಬಾಖ್ ಅವರ ಚರ್ಚ್ ಹಾಡುಗಳಾದ ಕೋರಾಲ್‌ಗಳ ಮಾದರಿಯಲ್ಲಿ. ಒಂದು ಉದಾಹರಣೆ ನಮ್ಮ ಸ್ವರದಲ್ಲೇ ನೋಡಿ. ನಾಲ್ಕನೇ ಕಾರ್ಡ್, ಅಂದರೆ ನಾಲ್ಕನೇ ಸ್ವರದ ಮೇಲೆ ಕಟ್ಟಿದ್ದು, ಮ-ದ-ಸ. ಐದನೆಯದು ಪ-ನಿ-ರಿ. ಎಲ್ಲರೂ ಮೊದಲು ಮಾಡುವುದು ಎಲ್ಲವನ್ನೂ ಒಂದೊಂದು ಮೆಟ್ಟಿಲು ಮೇಲೆ ಜರುಗಿಸುವುದು: ಮ ಪಕ್ಕೆ, ದ ನಿಗೆ, ಸ ರಿಗೆ. ಕೆಂಪು ಇಂಕು ಗ್ಯಾರಂಟಿ. ಮ ಮತ್ತು ಸ ನಡುವೆ ಇದ್ದ ಐದರ ಅಂತರ ಹಾಗೇ ಪ ಮತ್ತು ರಿಗೆ ಜಾರಿತು, ಇದೇ ಕುಖ್ಯಾತ ಪ್ಯಾರಲಲ್ ಫಿಫ್ತ್. ಎರಡು ದನಿ ಅಂಟಿಕೊಂಡು ಒಂದೇ ದನಿಯ ಹಾಗೆ ಕೇಳುತ್ತದೆ ಅನ್ನುವುದು ಇವರ ತಕರಾರು. ಸರಿಯಾದ ದಾರಿ ಹೀಗೆ: ಬೇಸ್‌ನಲ್ಲಿ ಮ ಮೇಲಕ್ಕೆ ಪಕ್ಕೆ ಹೋಗಲಿ, ಉಳಿದ ಮೂವರೂ ಕೆಳಕ್ಕೆ ಇಳಿಯಲಿ. ಟೆನರ್ ದದಿಂದ ಪ, ಆಲ್ಟೊ ಸದಿಂದ ನಿ, ಸೊಪ್ರಾನೋ ಮದಿಂದ ರಿ. ಪಿಯಾನೋ ಮುಂದೆ ಕೂತು ಎರಡನ್ನೂ ಒತ್ತಿ ನೋಡಿ, ವ್ಯತ್ಯಾಸ ನಿಮಗೇ ಕೇಳುತ್ತದೆ. ಇಂಥ ಕಟ್ಟಲೆ ಬೇಕಾದಷ್ಟಿವೆ. ಐದನೇ ಕಾರ್ಡಿನ ನಿ ಸಕ್ಕೆ ಏರಲೇಬೇಕು ಅನ್ನುವುದೂ ಒಂದು, ಅದು ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕಾಕಲಿ ನಿಷಾದದಲ್ಲಿ ನಿಂತರೆ ಗಂಟಲೇ ಸಕ್ಕೆ ಎಳೆಯುತ್ತದೆ.

ಮೂರನೇ ಸೆಮಿಸ್ಟರ್ ಕ್ರೋಮ್ಯಾಟಿಕ್ ಹಾರ್ಮನಿ, ಅಂದರೆ ಸ್ಕೇಲಿನ ಹೊರಗಿನ ಸ್ವರಗಳೂ ಸೇರುವ ಹಾರ್ಮನಿ. ಸೆಕೆಂಡರಿ ಡಾಮಿನೆಂಟ್, ನಿಯಾಪಾಲಿಟನ್, ಆಗ್ಮೆಂಟೆಡ್ ಸಿಕ್ಸ್ತ್ ಅನ್ನುವ ಕಾರ್ಡುಗಳು, ಶ್ರುತಿ ಬದಲಿಸುವ ಮಾಡ್ಯುಲೇಶನ್. ಜಾಸ್ತಿ ಜನ ಕೈಬಿಡುವುದನ್ನು ನಾನು ನೋಡಿದ್ದು ಇಲ್ಲೇ. ಜರ್ಮನ್ ಸಿಕ್ಸ್ತ್ ಅನ್ನುವ ಕಾರ್ಡು ಪಿಯಾನೋದಲ್ಲಿ ಡಾಮಿನೆಂಟ್ ಸೆವೆಂತ್ ಅನ್ನುವ ಇನ್ನೊಂದರ ಹಾಗೇ ಕೇಳುತ್ತದೆ, ಬರೆಯುವಾಗ ಬೇರೆ, ಮುಂದೆ ಹೋಗುವ ದಾರಿಯೂ ಬೇರೆ. ಒಂದೇ ಕೀಗೆ ಎರಡು ಹೆಸರು ಯಾಕೆ ಅಂತ ಕ್ಲಾಸಿನಲ್ಲಿ ಎಲ್ಲರೂ ಗೊಣಗುತ್ತಿದ್ದಾಗ ನನಗೆ ಮಾತ್ರ ಆರಾಮಾಗಿತ್ತು. ಚತುಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಜಾಗ, ಯಾವ ಮೇಳದಲ್ಲಿ, ಅಂದರೆ ಏಳು ಸ್ವರದ ಯಾವ ಮೂಲ ರಾಗದಲ್ಲಿ ಇದೆ ಅನ್ನುವುದರ ಮೇಲೆ ಹೆಸರು. 72 ಮೇಳ ಬಾಯಿಪಾಠ ಮಾಡಿದ್ದು ಇಷ್ಟು ವರ್ಷದ ಮೇಲೆ ಇಲ್ಲಿ ಉಪಯೋಗಕ್ಕೆ ಬಂತು. ನಾಲ್ಕನೇ ಸೆಮಿಸ್ಟರ್ ಇಪ್ಪತ್ತನೇ ಶತಮಾನದ ಸಂಗೀತ, ಅಂಕಿ ಲೆಕ್ಕ ಜಾಸ್ತಿ, ನಮ್ಮ ಇಂಜಿನಿಯರ್ ಮಕ್ಕಳಿಗೆ ಕಷ್ಟವಾಗುವುದಿಲ್ಲ.

ಇದೆಲ್ಲ ನಮಗೆ ಹೊರಗಿನದು ಅನ್ನುವವರಿಗೆ ಒಂದು ಮಾತು. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಜಯಚಾಮರಾಜ ಒಡೆಯರ್ ಅವರೇ 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟು ಲಂಡನ್ನಿನಲ್ಲಿ ರಷ್ಯದ ಪಿಯಾನೋ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಿದವರು. ನಮ್ಮ ಊರಿಗೆ ಪಿಯಾನೋ ನಿನ್ನೆ ಬಂದದ್ದಲ್ಲ.

ಮಕ್ಕಳ ಅಪ್ಪ ಅಮ್ಮಂದಿರಿಗೆ ಉಳಿದ ಕೆಲವು ವಿಷಯ. ಬಿಎಂ (ಬ್ಯಾಚುಲರ್ ಆಫ್ ಮ್ಯೂಸಿಕ್) ಡಿಗ್ರಿಯಲ್ಲಿ ಸುಮಾರು ಮೂರನೇ ಎರಡು ಭಾಗ ಸಂಗೀತವೇ, ಬಿಎಯಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಕಂಪ್ಯೂಟರ್ ಸೈನ್ಸ್ ಜೊತೆ ಮಾಡಬೇಕಾದರೆ ಬಿಎ ಅಥವಾ ಮೈನರ್ (ಸಂಗೀತವನ್ನು ಉಪವಿಷಯವಾಗಿ ಮಾಡುವುದು) ನೋಡಿ. ಬಿಎಂಗೆ ಆಡಿಶನ್ ಬೇಕು, ಕರ್ನಾಟಕ ಹಾಡುಗಾರಿಕೆಯನ್ನು ಆಡಿಶನ್‌ಗೆ ಒಪ್ಪುವ ಕಡೆ ಕಡಿಮೆ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ಕರ್ನಾಟಕ ಸಂಗೀತದ ಪಾಠ ಇದೆ, ಕೊಳಲಿನ ಟಿ. ವಿಶ್ವನಾಥನ್, ಮೃದಂಗದ ಟಿ. ರಂಗನಾಥನ್ ಅಲ್ಲಿ ಕಲಿಸಿದವರು. ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಮಾಡುವುದು ದುಡ್ಡಿಗೆ ಒಳ್ಳೆಯದು, ಆದರೆ ಥಿಯರಿ ಕ್ರೆಡಿಟ್ ವರ್ಗವಾದರೂ ಹೊಸ ಕಾಲೇಜು ಮತ್ತೆ ಪ್ಲೇಸ್‌ಮೆಂಟ್ ಇಡಬಹುದು, ಬರೆದ ಹಾಳೆಗಳನ್ನೆಲ್ಲ ಇಟ್ಟುಕೊಂಡಿರಿ. ಇಂಡಿಯಾದಿಂದ ನೇರ ಮಾಸ್ಟರ್ಸ್‌ಗೆ ಬರುವವರಿಗೂ ಥಿಯರಿಯ ಡಯಗ್ನೋಸ್ಟಿಕ್ ಪರೀಕ್ಷೆ ಸಾಮಾನ್ಯ, ಅದರಲ್ಲಿ ಹೋದರೆ ರಿವ್ಯೂ ಕ್ಲಾಸು, ಡಿಗ್ರಿ ಲೆಕ್ಕಕ್ಕೆ ಅದು ಬಾರದೇ ಇರಬಹುದು.

ಮತ್ತೆ, ಮಗು ಕಾಲೇಜಿಗೆ ಸೇರಿದ ಮೇಲೆ ಪ್ರೊಫೆಸರಿಗೆ ಫೋನ್ ಮಾಡಿ ಮಾರ್ಕ್ಸ್ ಕೇಳಬೇಡಿ. ಫೆರ್ಪಾ ಅನ್ನುವ 1974ರ ಕಾನೂನಿದೆ, ಮಗುವಿನ ಒಪ್ಪಿಗೆ ಇಲ್ಲದೆ ಅವರು ಸಾಮಾನ್ಯವಾಗಿ ಹೇಳುವಂತಿಲ್ಲ. ನೀವು ಕೇಳಬೇಕಾದ್ದು ಮಗುವನ್ನೇ, ಅದೂ ಎರಡೇ ಪ್ರಶ್ನೆ: ಆಫೀಸ್ ಅವರ್ಸ್‌ಗೆ ಹೋದೆಯಾ, ಕ್ಲಾಸ್ ಡ್ರಾಪ್ ಮಾಡುವ ಕೊನೇ ದಿನ ಯಾವತ್ತು. ಆ ದಿನ ದಾಟಿದ ಮೇಲೆ ಕ್ಲಾಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯೂ (ಮಧ್ಯೆ ಬಿಟ್ಟ ಗುರುತು) ಬೀಳುತ್ತದೆ, ಅದರ ಕೊನೇ ದಿನವೂ ದಾಟಿದರೆ ಬಂದ ಗ್ರೇಡೇ ಗಟ್ಟಿ.