ಪಕ್ಕದ ಮನೆಯ ನಾಯಿ, ನಮ್ಮ ಹಿತ್ತಲ ಕೋಳಿ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಅಂತ. ನಾನು ಅವರನ್ನು ಕೇಳುವುದು ಬೇರೆ: ಅಕ್ಕಪಕ್ಕದಲ್ಲಿ ನಾಯಿ ಇದೆಯಾ? ಬೇಲಿ ಹೇಗಿದೆ? ಪಕ್ಕದವರ ಜೊತೆ ಮಾತುಕತೆ ಇದೆಯಾ? ಇದಕ್ಕೆಲ್ಲ ಉತ್ತರ ಸಿಗುವವರೆಗೂ ಕೋಳಿ ತರಬೇಡಿ ಅನ್ನುತ್ತೇನೆ.

ನನ್ನ ಮೊದಲ ಐದು ಹೇಟೆಗಳಿಗೆ ನಾನು ಹಾಕಿದ್ದು ಜೇನುಗೂಡಿನಂಥ ಕಣ್ಣಿರುವ ತೆಳು ತಂತಿಯ ಬಲೆ. ಕೋಳಿಗೆ ಅಂತಲೇ ಮಾರುವ ಬಲೆ, ಇಷ್ಟು ಸಾಕು ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಒಳಗೆ ಹೋಗಿ ಕಾಲು ಗಂಟೆಯಲ್ಲಿ ವಾಪಸ್ ಬಂದೆ. ಬಲೆಯ ಒಂದು ಮೂಲೆ ಒಳಗೆ ಬಾಗಿತ್ತು. ಮೂರು ಕೋಳಿ ನೆಲದ ಮೇಲೆ ಬಿದ್ದಿದ್ದವು. ಪಕ್ಕದ ಮನೆಯ ನಾಯಿ ನಡುವೆ ನಿಂತು ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಒಂದನ್ನೂ ತಿಂದಿರಲಿಲ್ಲ.

ಆ ಬಾಲವನ್ನು ನೋಡಿದ ಮೇಲೆ ನನಗೆ ವಿಷಯ ಅರ್ಥವಾಯಿತು. ನಾಯಿ ಹಸಿವಿಗೆ ಬರುವುದಿಲ್ಲ. ರೆಕ್ಕೆ ಬಡಿದು ಕೂಗುತ್ತಾ ಓಡುವುದನ್ನು ಕಂಡರೆ ಅದಕ್ಕೆ ಅಟ್ಟಿಸಿಕೊಂಡು ಹೋಗಲೇಬೇಕು. ಹಿಡಿದ ಕೋಳಿ ಅಲುಗಾಡುವುದು ನಿಂತ ಕೂಡಲೇ ಇನ್ನೊಂದು ಓಡುತ್ತಿರುತ್ತದೆ, ಅದರ ಹಿಂದೆ ಹೋಗುತ್ತದೆ. ಹಾಗಾಗಿ ಒಂದಕ್ಕೇ ನಿಲ್ಲುವುದಿಲ್ಲ. ಮನೆಮಂದಿ ಜೊತೆ ಎಷ್ಟು ಸಾಧುವಾಗಿದ್ದರೂ ಇದು ಬದಲಾಗುವುದಿಲ್ಲ. "ನಮ್ಮ ನಾಯಿ ಏನೂ ಮಾಡಲ್ಲ" ಅಂತ ಪಕ್ಕದವರು ಹೇಳುವುದು ಸುಳ್ಳಲ್ಲ. ಅವರು ಅದನ್ನು ಕೋಳಿಯ ಜೊತೆ ನೋಡಿಲ್ಲ, ಅಷ್ಟೇ.

ಉಳಿದ ಎರಡರಲ್ಲಿ ಕೆಂಚಿ ಪೊದೆಯಡಿಯಲ್ಲಿ ಸಿಕ್ಕಿದಳು. ನೋಡಲು ಏನೂ ಆಗಿರಲಿಲ್ಲ, ಒಂದು ತೊಟ್ಟು ರಕ್ತವೂ ಕಾಣಲಿಲ್ಲ. ಸಂಜೆ ಮೈ ಸವರುವಾಗ ಬೆರಳಿಗೆ ಅಂಟು ತಾಗಿತು. ಬೆನ್ನ ಮೇಲಿನ ಗರಿಗಳನ್ನು ಊದಿ ಬಿಡಿಸಿ ನೋಡಿದರೆ ಬಾಲದ ಬುಡದ ಹತ್ತಿರ ಎರಡು ಸಣ್ಣ ತೂತು, ಸುತ್ತ ಚರ್ಮ ನೀಲಿಗಟ್ಟಿತ್ತು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು. ಅದಕ್ಕೇ ಹೇಳುವುದು, ನಾಯಿ ಬಾಯಿ ಹಾಕಿದ ಕೋಳಿಯನ್ನು ಆ ಕ್ಷಣವೇ ಹಿಡಿದು ಗರಿಯ ಅಡಿ ಪೂರ್ತಿ ನೋಡಿ. ಬೆನ್ನು, ರೆಕ್ಕೆಯ ಕೆಳಗೆ, ತೊಡೆ, ಬಾಲದ ಬುಡ. ತೂತು ಸಣ್ಣದಿದ್ದರೂ ಹಲ್ಲು ಆಳಕ್ಕೆ ಇಳಿದಿರುತ್ತದೆ, ಕೀವಾಗುತ್ತದೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಅದರಲ್ಲಿ ತೊಳೆಯಿರಿ. ಕತ್ತಲಾಗಿರುವ, ಬೆಚ್ಚಗಿರುವ ರಟ್ಟಿನ ಡಬ್ಬಿಯಲ್ಲಿ ಒಂಟಿಯಾಗಿ ಇಡಿ. ಬೇರೆ ಕೋಳಿಗಳ ಜೊತೆ ಬಿಟ್ಟರೆ ಅವು ಗಾಯದ ಕೆಂಪು ಕಂಡು ಕುಕ್ಕುತ್ತವೆ. ಗಾಬರಿಯಲ್ಲಿರುವ ಕೋಳಿಯ ಕೊಕ್ಕು ಬಿಡಿಸಿ ನೀರು ಹೊಯ್ಯಬೇಡಿ, ಪಕ್ಕದಲ್ಲಿ ಇಟ್ಟರೆ ಸಾಕು. ಹಲ್ಲಿನ ತೂತು ಕಂಡರೆ ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಈಗ ಬೇಲಿ. ಆ ತೆಳು ಬಲೆ ಕೋಳಿಯನ್ನು ಒಳಗೆ ಇಡಲು ಸರಿ, ನಾಯಿಯನ್ನು ಹೊರಗಿಡಲು ಆಗುವುದಿಲ್ಲ. ಬೆಸುಗೆ ಹಾಕಿದ ದಪ್ಪ ತಂತಿಯ ವೆಲ್ಡ್ ಮೆಶ್ ತನ್ನಿ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ಕಣ್ಣಿರಲಿ, ಮೂತಿ ತೂರಿಸಲು, ಪಂಜ ಹಾಕಲು ಆಗಬಾರದು. ಎತ್ತರ ಆರು ಅಡಿ ಬೇಕು. ಜಾಗ ಸಣ್ಣದಿದ್ದರೆ ಮೇಲೂ ಮುಚ್ಚಿಬಿಡಿ. ಮೊಳೆ ಮಾತ್ರ ಹೊಡೆದರೆ ನಾಯಿ ಎರಡು ಸಲ ಗುದ್ದಿದಾಗ ಬಿಟ್ಟುಕೊಳ್ಳುತ್ತದೆ. ಮೆಶ್ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ.

ಬೇಲಿಯ ಬುಡ ಎಲ್ಲಕ್ಕಿಂತ ಮುಖ್ಯ. ಒಂದೂವರೆ ಅಡಿ ಅಗಲದ ಮೆಶ್ಶನ್ನು ಬೇಲಿಯ ಬುಡದಿಂದ ಹೊರಗಡೆಗೆ ನೆಲದ ಮೇಲೆ ಮಲಗಿಸಿ, ಬೇಲಿಗೆ ತಂತಿಯಿಂದ ಬಿಗಿದು, ಮೇಲೆ ಕಲ್ಲು ಹೇರಿ. ನಾಯಿ ಯಾವಾಗಲೂ ಬೇಲಿಗೆ ಅಂಟಿಕೊಂಡೇ ಕೆರೆಯುತ್ತದೆ, ಎರಡು ಅಡಿ ಹಿಂದೆ ಸರಿದು ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದು ತೀರಾ ಅಪರೂಪ. ಕೆರೆದಾಗ ಉಗುರಿಗೆ ತಂತಿ ಸಿಗುತ್ತದೆ, ಬಿಟ್ಟು ಹೋಗುತ್ತದೆ. ಸ್ವಲ್ಪ ದಿನಕ್ಕೆ ಹುಲ್ಲು ಬೆಳೆದು ಮೆಶ್ ಕಾಣುವುದೂ ಇಲ್ಲ. ಗೇಟಿನ ಕೆಳಗೆ ಮಾತ್ರ ಮರೆಯಬೇಡಿ, ಅಲ್ಲಿ ಕಲ್ಲು ಚಪ್ಪಡಿ ಹಾಕಿ. ಮೇಲೆತ್ತಿದರೆ ತೆರೆಯುವ ಕೊಕ್ಕೆಯನ್ನು ನಾಯಿ ಮೂತಿಯಿಂದಲೇ ಎತ್ತುತ್ತದೆ. ಅಗುಳಿ ಎಳೆದು ಅದಕ್ಕೊಂದು ಪಿನ್ ಹಾಕುವಂತಿರಲಿ.

ಇನ್ನೊಂದು ಸಣ್ಣ ಕೆಲಸದಿಂದ ನನಗೆ ತುಂಬಾ ಉಪಯೋಗವಾಯಿತು. ಪಕ್ಕದ ಮನೆಯ ಕಡೆಗಿರುವ ಬೇಲಿಗೆ ಕೆಳಗಿನಿಂದ ಮೂರು ಅಡಿವರೆಗೆ ಹಲಗೆ ಹೊಡೆಸಿದೆ. ಕೋಳಿ ಓಡುವುದು ಕಾಣದಿದ್ದರೆ ನಾಯಿಗೆ ಅರ್ಧ ಆಸಕ್ತಿ ಇಳಿಯುತ್ತದೆ. ಬೊಗಳುವುದೂ ಕಡಿಮೆಯಾಯಿತು. ಬೇಲಿಯಾಚೆ ನಾಯಿ ದಿನವಿಡೀ ಹಾರಾಡುತ್ತಿದ್ದರೆ ಕೋಳಿ ಹೆದರಿ ಮೊಟ್ಟೆ ನಿಲ್ಲಿಸಿಬಿಡಬಹುದು, ಅದೂ ತಪ್ಪಿತು.

ಪಕ್ಕದವರ ಜೊತೆ ಮಾತಾಡುವುದನ್ನು ನಾನು ಕೋಳಿ ತರುವ ಮೊದಲೇ ಮಾಡಬೇಕಿತ್ತು. ಆ ದಿನ ಸತ್ತ ಕೋಳಿಗಳನ್ನು ಎತ್ತಿಟ್ಟು, ಮುಖ ತೊಳೆದು, ಒಂದು ಗಂಟೆ ಬಿಟ್ಟು ಹೋದೆ. ಕೂಗಾಡಲಿಲ್ಲ. "ಅಕ್ಕಾ, ಹೀಗಾಯಿತು" ಅಂದೆ. ಅವರು ಅಳುವಂತಾದರು, ದುಡ್ಡು ಕೊಡಲು ಬಂದರು. "ದುಡ್ಡು ಬೇಡಕ್ಕಾ, ನಡುವಿನ ಬೇಲಿ ಇಬ್ಬರೂ ಸೇರಿ ಗಟ್ಟಿ ಮಾಡೋಣ" ಅಂದೆ. ಖರ್ಚು ಅರ್ಧರ್ಧ ಹಾಕಿದೆವು. ಅವರ ಬದಿಯಲ್ಲಿ ಪೊದೆಯ ಹಿಂದೆ ಇದ್ದ ಕಿಂಡಿ ನನಗೆ ಗೊತ್ತೇ ಇರಲಿಲ್ಲ, ಅವರೇ ತೋರಿಸಿದರು.

ಅವರಿಗೂ ನಮ್ಮಿಂದ ತೊಂದರೆ ಆಗಬಾರದಲ್ವಾ? ಹುಂಜ ಬೇಡ. ಹೇಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿ ಮಾಡಿಸಬೇಕಾದರೆ ಮಾತ್ರ ಬೇಕು. ಹೇಟೆಗಳೂ ಮೊಟ್ಟೆ ಇಟ್ಟ ಮೇಲೆ ಒಂದಷ್ಟು ಹೊತ್ತು ಕೊಕ್ಕೊಕ್ಕೋ ಅನ್ನುತ್ತವೆ, ಗೂಡು ಅವರ ಮಲಗುವ ಕೋಣೆಯ ಕಿಟಕಿಯಿಂದ ದೂರವಿರಲಿ. ನಾಲ್ಕೈದು ಕೋಳಿಗಿಂತ ಜಾಸ್ತಿ ಬೇಡ. ಒಂದೊಂದಕ್ಕೆ ಗೂಡಿನಲ್ಲಿ ನಾಲ್ಕು ಚದರ ಅಡಿ, ಓಡಾಡಲು ಹತ್ತು ಚದರ ಅಡಿ ಕೊಡಿ. ಎಷ್ಟು ಕೋಳಿ ಇಡಬಹುದು ಅನ್ನುವ ನಿಯಮ ನಿಮ್ಮ ಜಾಗದಲ್ಲಿದ್ದರೆ ಮೊದಲೇ ಕೇಳಿಕೊಳ್ಳಿ.

ವಾಸನೆ ಬರುವುದು ಒದ್ದೆಯಿಂದ. ಮರದ ಹೊಟ್ಟು ನಾಲ್ಕು ಇಂಚು ಹರಡಿ, ಒದ್ದೆಯಾದ ಕಡೆ ತೆಗೆದು ಹೊಸದು ಹಾಕಿ. ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ಮೂಗು ಚುರುಗುಟ್ಟಿದರೆ ಅವತ್ತೇ ಹೊಟ್ಟು ಬದಲಿಸಿ. ಒಂದು ಕೋಳಿ ದಿನಕ್ಕೆ ತಿನ್ನುವುದು ಸುಮಾರು 100ರಿಂದ 120 ಗ್ರಾಂ, ಅಷ್ಟೇ ಹಾಕಿ. ರಾತ್ರಿ ಕಾಳಿನ ತಟ್ಟೆ ಹೊರಗೆ ಬಿಟ್ಟರೆ ಇಲಿ ಬರುತ್ತದೆ, ಇಲಿ ಪಕ್ಕದ ಮನೆಗೂ ಹೋಗುತ್ತದೆ. ಮೂಟೆಯನ್ನು ಮುಚ್ಚಳದ ತಗಡಿನ ಡಬ್ಬದಲ್ಲಿಡಿ.

ಬೇಲಿ ಹಾರುವ ಕೋಳಿಗೆ ಒಂದೇ ಬದಿಯ ರೆಕ್ಕೆಯ ಹತ್ತು ಉದ್ದ ಗರಿಗಳನ್ನು ಕತ್ತರಿಸಿ. ಸಮತೋಲ ತಪ್ಪಿ ಹಾರಲಾಗುವುದಿಲ್ಲ. ನೋವಾಗುವುದಿಲ್ಲ, ಆದರೆ ಹೊಸದಾಗಿ ಬರುತ್ತಿರುವ ಕಪ್ಪು ಬುಡದ ಗರಿ ಮುಟ್ಟಬೇಡಿ, ಅದರೊಳಗೆ ರಕ್ತವಿರುತ್ತದೆ. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು.

ಬೇಲಿ ಮುಗಿದ ಮೇಲೆ ಅಕ್ಕನಿಗೆ ಹೇಳಿ ನಾಯಿಗೆ ಅಭ್ಯಾಸ ಶುರು ಮಾಡಿದೆವು. ಕೋಳಿ ಬೇಲಿಯೊಳಗೆ, ನಾಯಿ ಹಗ್ಗದಲ್ಲಿ. ಹತ್ತಿರ ಬರಬಾರದು. ಎಷ್ಟು ದೂರದಲ್ಲಿ ಅದು ಕೋಳಿಯನ್ನು ನೋಡಿಯೂ ಮತ್ತೆ ಅಕ್ಕನ ಕಡೆ ಮುಖ ತಿರುಗಿಸುತ್ತದೋ ಅಲ್ಲಿ ನಿಲ್ಲಿಸಿ. ತಿರುಗಿಸಿದ ಕೂಡಲೇ ತಿನ್ನಲು ಏನಾದರೂ ಕೊಡಿ. ಮೈ ಬಿಗಿಯಾಗಿ, ಕಣ್ಣು ನೆಟ್ಟು ನಿಂತರೆ ಇನ್ನೂ ದೂರ ಕರೆದುಕೊಂಡು ಹೋಗಿ, ಬೈಯಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು. ನಮಗೆ ಎರಡು ತಿಂಗಳು ಹಿಡಿಯಿತು. ಈಗ ಅದು ಬೇಲಿಯಾಚೆ ಮಲಗಿಕೊಳ್ಳುತ್ತದೆ. ಆದರೂ ನಾಯಿ ಹೊರಗಿದ್ದಾಗ ಕೋಳಿಯನ್ನು ನಾನು ಬೇಲಿಯಿಂದಾಚೆ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಕ್ಕ ನಾಯಿಯನ್ನು ಒಳಗೆ ಕಟ್ಟಿ ಫೋನ್ ಮಾಡುತ್ತಾರೆ, ಆಮೇಲೆ ಬಿಡುತ್ತೇನೆ.

ಕತ್ತಲಾಗುವ ಹೊತ್ತಿಗೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಎಣಿಸಿ, ಬಾಗಿಲು ಹಾಕಿ, ಪಿನ್ ತಳ್ಳುತ್ತೇನೆ. ಜೋರು ಮಳೆ ಬಂದ ಮರುದಿನ ಬೇಲಿಯ ಸುತ್ತ ಒಂದು ಸುತ್ತು ಬರುತ್ತೇನೆ. ಮಣ್ಣು ಕುಸಿದ ಕಡೆ ಕಾಲಿಟ್ಟರೆ ಮೆಶ್ ಕೆಳಗೆ ಟೊಳ್ಳು ಸಿಗುತ್ತದೆ. ಅಲ್ಲಿ ಕಲ್ಲು ತುಂಬಿ ಕಾಲಿನಿಂದ ಗಟ್ಟಿಯಾಗಿ ತುಳಿಯುತ್ತೇನೆ.